ಅರ್ಧ ಕೊಳ

"ನನ್ನ ಕಡೆಯದಷ್ಟೇ ತೊಳಿ ಇಮ್ತಿಯಾಜ್,
ಆ ಕಡೆಯದು ಅವನ ಹಣೆಬರಹ"
ಅಂದರು ಧರಣೇಂದ್ರಯ್ಯ.
ಸಾಲಗಾಮೆ ರಸ್ತೆಯ ಆ ಮನೆಗೆ
ನಡುವೆ ಗೋಡೆ ಎದ್ದಿತ್ತು.
ಹಿತ್ತಲವರೆಗೆ ನಡೆದು ಬಂದ ಇಟ್ಟಿಗೆಸಾಲು
ಈಜುಕೊಳದ ಅಂಚಿಗೆ ಬಂದು
ಮುಂದೇನು ಅಂತ ತಿಳಿಯದೆ ನಿಂತಿತ್ತು.
ಅಲ್ಲಿಂದಾಚೆಗೆ ನೀರ ಮೇಲೊಂದು ನೈಲಾನ್ ಹಗ್ಗ,
ಈ ದಡದ ಕೊಕ್ಕೆಯಿಂದ ಆ ದಡದ ಕೊಕ್ಕೆಗೆ.

ಪಂಪಿನ ಕರೆಂಟು ಯಾರ ಮೀಟರಿಗೆ ಅನ್ನೋದು
ಇತ್ಯರ್ಥವಾಗದೆ ಹದಿನಾಲ್ಕು ತಿಂಗಳು.
ಪಾಚಿ ಮಾತ್ರ ಕಾದು ಕೂರಲಿಲ್ಲ,
ಹಗ್ಗದ ಕೆಳಗೆ ನುಸುಳಿ
ಎರಡೂ ಪಾಲಿಗೆ ಒಂದೇ ಹಸಿರು ಹಂಚಿತ್ತು.

ಯಜಮಾನರೇ, ಅಂದೆ,
ಕ್ಲೋರಿನ್ನಿಗೆ ಖಾತೆ ಪತ್ರ ಓದಕ್ಕೆ ಬರಲ್ಲ.
ಈ ಮೂಲೆಗೆ ಸುರಿದರೆ ಆ ಮೂಲೆಗೂ ಹೋಗುತ್ತೆ.
ಆ ಕಡೆ ಕಿಟಕಿಯಿಂದ ಪದ್ಮರಾಜಯ್ಯ:
"ಹಂಗಾದ್ರೆ ಪೂರ್ತಿ ದುಡ್ಡು ಅವನೇ ಕೊಡ್ಲಿ!"

ಹದಿನೇಳು ವರ್ಷ ಇದೇ ಕೆಲಸ ನನಗೆ.
ಅಂಗಿ ತುಂಬ ಬಿಳಿ ಚುಕ್ಕೆ;
ಮನುಷ್ಯನ್ನ ಮದುವೆಯಾದೆನೋ ಜಿಂಕೆನೋ ಅಂತಾಳೆ ಶಾಹಿನಾ.

ಕೊಳವೆಗೆ ನೀರು ತುಂಬಿ ಐದು ಹನಿ ಬಿಟ್ಟೆ.
ಒಂದರಲ್ಲಿ ಹಳದಿಯ ಸುಳಿವಿಲ್ಲ.
ಇನ್ನೊಂದು ಬೀಟ್ರೂಟ್ ಸಾರಿನ ಹಾಗೆ ಕೆಂಪು.
ಕ್ಷಾರ ಏರಿದೆ;
ಇಂಥ ನೀರಿಗೆ ಚೀಲಗಟ್ಟಲೆ ಸುರಿದರೂ
ಕ್ಲೋರಿನ್ ತೂಕಡಿಸುತ್ತೆ.
ಮೊದಲು ಆಸಿಡ್, ಸ್ವಲ್ಪಸ್ವಲ್ಪ,
ಬಕೆಟ್ಟಿನ ನೀರಿಗೇ ಆಸಿಡ್ ಹಾಕಬೇಕು,
ಆಸಿಡ್ಡಿಗೆ ನೀರಲ್ಲ.

ಕ್ಯಾನಿನ ಮುಚ್ಚಳ ತಿರುಗಿಸಿದ್ದೆ.
"ತಡಿಯಪ್ಪಾ,"
ಹಿತ್ತಲ ಬಾಗಿಲಲ್ಲಿ ಅವರ ಅತ್ತೆ ಕುಸುಮಾವತಮ್ಮ.
ಕುಡಿಯೋ ನೀರನ್ನು ಇವತ್ತಿಗೂ ಬಟ್ಟೆಯಲ್ಲಿ ಸೋಸೋರು,
ಹೊತ್ತು ಮುಳುಗೋ ಮುಂಚೆ ಊಟ ಮುಗಿಸೋರು.
"ಅದರಲ್ಲಿ ಕಪ್ಪೆಮರಿ ಇದಾವೆ."

ಮೂವತ್ತು ಸಾವಿರ ಲೀಟರ್ ಅಮ್ಮಾ, ಅಂದೆ.
ಅವರು ಒಳಗೆ ಹೋಗಿ
ಹದಿನಾರು ಮೊಳದ ಹಳೇ ಸೀರೆ ತಂದರು.
ಒಂದು ಸೆರಗು ದೊಡ್ಡವರ ಕೈಗೆ ಕೊಟ್ಟರು.
ಇನ್ನೊಂದು ಸೆರಗಿಗೆ ಆಚೆ ದಡದಲ್ಲಿ ಕೈ ಬೇಕಲ್ಲ.
"ಪದ್ಮಾ," ಅಂತ ಒಂದೇ ಸಲ ಕೂಗಿದರು.

ಪ್ಯಾಂಟು ಮಡಚಿಕೊಂಡು ಬಂದರು ಪದ್ಮರಾಜಯ್ಯ.
ಸೀರೆ ಹಗ್ಗದ ಅಡಿಯಲ್ಲಿ ಮುಳುಗಿ
ಮೆಟ್ಟಿಲ ತುದಿಯಿಂದ ಆಳದ ಕಡೆಗೆ
ಮೆಲ್ಲಗೆ ಸಾಗಿತು.
ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.
"ಬಿಗಿ ಹಿಡಿ, ಜಾರ್ತಾ ಇದೆ" ಅಂತ
ಯಾರೋ ಒಬ್ಬರು ಅಂದರು.
ಮೂರು ಸುತ್ತು.
ಹಾಲಿನ ಕ್ಯಾನಿನ ತುಂಬ ಕರೀ ಬಾಲಗಳು;
ಮೊಪೆಡ್ಡಿನಲ್ಲಿ ಹುಣಸಿನಕೆರೆಗೆ ಬಿಟ್ಟು ಬಂದೆ.

ಬಂದವನು ಕೇಳಬಾರದಿತ್ತು, ಕೇಳಿದೆ:
ಪಾಚಿಗೂ ಜೀವ ಅಲ್ವೇನಮ್ಮಾ?
ಸೀರೆ ಹಿಂಡುತ್ತಿದ್ದವರು ತಲೆ ಎತ್ತಲಿಲ್ಲ.
"ಗೊತ್ತು. ಅದನ್ನ ನನ್ನ ಲೆಕ್ಕಕ್ಕೆ ಬರಕೋ."

ಬಿಸಿಲು ಕ್ಲೋರಿನ್ ತಿಂದುಹಾಕುತ್ತೆ,
ಅದಕ್ಕೇ ಹೊತ್ತು ಮುಳುಗಿದ ಮೇಲೆ ಹಾಕಿದೆ.
ಗೋಡೆ ಉಜ್ಜಿದೆ. ಪಂಪು ಇಡೀ ರಾತ್ರಿ ಓಡಿತು,
ಯಾರ ಮೀಟರಿನಲ್ಲೋ ನಾನು ಕೇಳಲಿಲ್ಲ.
ಬೆಳಗ್ಗೆ ನೀರು ಅಕ್ಕಿ ತೊಳೆದ ಕಲಗಚ್ಚು.
"ಮೂಗಿಗೆ ಹೊಡೀತಿದೆ, ಜಾಸ್ತಿ ಹಾಕಿದೀಯ"
ಅಂತ ಪದ್ಮರಾಜಯ್ಯ.
ಇಲ್ಲ ಸಾರ್. ವಾಸನೆ ಬಂತು ಅಂದ್ರೆ ಸಾಲದು ಅಂತ.
ಕೊಳೆ ಜೊತೆ ಹೊಡೆದಾಡಿ ಸೋತ ಕ್ಲೋರಿನ್ನೇ ನಾರೋದು.
ಸಾಕಷ್ಟಿದ್ದರೆ ಅದು ಇದೆಯೋ ಇಲ್ಲವೋ ಅನ್ನೋ ಹಾಗಿರುತ್ತೆ.

ನಾಲ್ಕನೇ ದಿನ ತಳ ಕಂಡಿತು.
ಒಂದು ಹವಾಯಿ ಚಪ್ಪಲಿ,
ಸರಿಯಾಗಿ ಹಗ್ಗದ ಕೆಳಗೆ.
ಅದನ್ನು ಯಾರೂ ತಮ್ಮದು ಅನ್ನಲಿಲ್ಲ.

ಬಿಲ್ಲನ್ನು ಎರಡು ಹಾಳೆಯಲ್ಲಿ ಬರೆದೆ.
ದೊಡ್ಡವರು ಎಣಿಸಿ ಕೊಟ್ಟರು.
ಚಿಕ್ಕವರು, "ನನ್ನ ಅರ್ಧ ಇನ್ನೂ ಒಂಚೂರು ಹಸಿರೇ" ಅಂದರು.
ಎರಡೂ ಕಡೆಯ ನೀರು ಎರಡು ಕೊಳವೆಗೆ ತುಂಬಿ
ಹನಿ ಬಿಟ್ಟು ಬೆಳಕಿಗೆ ಹಿಡಿದೆ.
ಎರಡರಲ್ಲೂ ನಿಂಬೆಹಣ್ಣಿನ ತಿಳಿ ಹಳದಿ.

ಬಹಳ ಹೊತ್ತು ನೋಡಿದರು.
"ಇದರಲ್ಲಿ ನನ್ನದು ಯಾವುದು?"

ನನಗೂ ಮರೆತುಹೋಗಿತ್ತು.