ಐದನೇ ಸಲದ ತಿಳಿ

ಗ್ಲಾಡಿಸ್ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಯಂತ್ರ:
ಉದ್ದನೆಯ ಸ್ಟೀಲ್ ಕೊಳಗ, ಬುಡದಲ್ಲಿ ಕಾಯಿಲು,
ಒಳಗೊಂದು ತೂತುತಳದ ಬುಟ್ಟಿ,
ಮಗ್ಗುಲಿಗೆ ಅಂಟಿಕೊಂಡ ಪುಟ್ಟ ಪಂಪು.
"ನೆನೆಸೋದು, ಸೋಸೋದು, ಕುದಿಸೋದು
ಎಲ್ಲಾ ಇದರಲ್ಲೇ ಆಗುತ್ತೆ ಕಣೇ" ಅಂದಿದ್ದಳು.
ಎಲ್ಲಾ ಒಂದರಲ್ಲೇ ಆಗುವ ಯಾವುದನ್ನೂ
ನಾನು ಸುಲಭಕ್ಕೆ ನಂಬುವವಳಲ್ಲ.
ಇಪ್ಪತ್ತಾರು ವರ್ಷ ವಾಚ್ ಫ್ಯಾಕ್ಟರಿಯಲ್ಲಿ
ಒಂದೊಂದೇ ಹಲ್ಲುಚಕ್ರ ಚಿಮಟದಲ್ಲಿ ಎತ್ತಿಟ್ಟವಳು.

ಮೊದಲ ಸಲ ಬಂದದ್ದು ಅಂಬಲಿ.
ಬಾರ್ಲಿ ಮೂರು ಪಾಲು, ಕೊರಟಗೆರೆ ಕಡೆಯ
ಮೊಳಕೆ ರಾಗಿ ಎರಡು ಪಾಲು.
"ತರಿ ಇರಲಪ್ಪಾ" ಅಂದರೂ ಮಿಲ್ಲಿನವನು
ಮುದ್ದೆ ಹಿಟ್ಟಿನಷ್ಟು ನುಣ್ಣಗೆ ಬೀಸಿಕೊಟ್ಟಿದ್ದ.
ಅರವತ್ತಾರು ಡಿಗ್ರಿ. ಪಂಪು ಒಂದು ಗುಟುಕು ಎಳೆದು
ಕೆಮ್ಮಿ, ನಿಂತಿತು.

ಎರಡನೇ ಸಲ ಕೈಯಾಡಿಸಿದೆ. ತಪ್ಪು.

ಮೂರನೇ ಸಲ ನಲ್ಲಿ ಪೂರ್ತಿ ತಿರುಗಿಸಿ
ಬೇಗ ಬೇಗ ಸುತ್ತಲಿ ಅಂತ ಬಿಟ್ಟೆ.
ಕಾಳು ಬುಡಕ್ಕೆ ಒತ್ತಿಕೊಂಡು ಕಲ್ಲಾಗಿ,
ಮೇಲಿನ ನೀರು ಮೇಲೆಯೇ; ಕೆಳಗೆ ಕಾಯಿಲು ಒಣಗಿ
ತಳ ಹತ್ತಿದ ವಾಸನೆ ಬಟವಾಡಿಯ ಅರ್ಧ ಬೀದಿಗೆ.
ಎದುರುಮನೆ ದ್ರಾಕ್ಷಾಯಿಣಿ ಕಿಟಕಿಯಿಂದ:
"ಏನ್ ಪಂಕಜಕ್ಕ, ರಾಗಿ ಮಾಲ್ಟಾ?"
ಹೂಂ ಅಂದೆ. ಸುಳ್ಳಲ್ಲ.
ಆ ಗಳಿಗೆಗೆ ಅದು ಬರೀ ಮಾಲ್ಟೇ.

ನಾಲ್ಕನೇ ಸಲ ಬುಟ್ಟಿ ಎತ್ತಿ ನಿಲ್ಲಿಸಿ
ತಡೆಯಲಾರದೆ ಸೌಟಿನ ಬೆನ್ನಲ್ಲಿ ಒತ್ತಿದೆ.
ಬಸ್ಸಾರಿಗೆ ಸೊಪ್ಪು ಹಿಂಡುವ ಕೈ, ಸುಮ್ಮನಿರುತ್ತದೆಯೇ?
ಸಿಕ್ಕಿದ್ದು ಇನ್ನೊಂದು ಲೀಟರು,
ಅದರ ಜತೆ ಇಡೀ ಬಗ್ಗಡ.

ನನ್ನದೊಂದು ಪರೀಕ್ಷೆಯುಂಟು: ಗಾಜಿನ ಲೋಟದ ಹಿಂದೆ
ಕೆಲಸದ ಕೊನೆಯ ದಿನ ಮನೆಗೆ ತಂದ ವಾಚನ್ನು ನಿಲ್ಲಿಸುವುದು.
ಅಂಬಲಿಯ ಹಿಂದೆ ವಾಚೇ ಇರಲಿಲ್ಲ.
ನಾಲ್ಕನೆಯದರ ಹಿಂದೆ ಬೆಳ್ಳನೆಯ ದುಂಡು,
ಮಂಜಿನಲ್ಲಿ ದೇವರಾಯನದುರ್ಗದ ಮೇಲೆ
ಹುಟ್ಟಿತೋ ಮುಳುಗಿತೋ ತಿಳಿಯದ ಸೂರ್ಯನ ಹಾಗೆ.

ರಾತ್ರಿ ಕಣ್ಣಿಗೆ ಲೂಪ್ ಸಿಕ್ಕಿಸಿ
ಒಂದು ಚಿಟಿಕೆ ಕಾಳು ಹರಡಿ ನೋಡಿದೆ.
ಬಾರ್ಲಿಗೆ ಸಿಪ್ಪೆಯುಂಟು, ಅದೇ ಅದರ ಜರಡಿ.
ರಾಗಿ ಬೆತ್ತಲೆ;
ಒದ್ದೆಯಾಯಿತೋ, ಒಂದನ್ನೊಂದು ಅಪ್ಪಿಕೊಂಡು ಮುದ್ದೆ.

ಮರುದಿನ ಚೀಲ ಹಿಡಿದು ಅಕ್ಕಿ ಗಿರಣಿಗೆ.
"ಹೊಟ್ಟಾ? ಇಟ್ಟಿಗೆ ಗೂಡಿನೋರು ಒಯ್ತಾರೆ,
ಕೋಳಿ ಫಾರಂನೋರು ಒಯ್ತಾರೆ, ನಿಮಗ್ಯಾಕಮ್ಮ?"
ಅಡುಗೆಗೆ ಅಂದೆ.
ನನ್ನ ಮುಖ ನೋಡಿ, ದುಡ್ಡು ಬೇಡವೆಂದ.

ಮೂರು ನೀರಲ್ಲಿ ತೊಳೆದೆ. ನಾಲ್ಕು ಹಿಡಿ ಹೊಟ್ಟು
ಕಾಳಿನ ಜತೆ ಕಲೆಸಿ, ಕೈ ಕಟ್ಟಿ ಕೂತೆ.
ನಲ್ಲಿ ಕಾಲು ಸುತ್ತು, ಅಷ್ಟೇ.
ಮೊದಲು ಬೂದಿ ಬಣ್ಣ, ಆಮೇಲೆ ಕಾಫಿ ಗಷ್ಟಿನ ನೀರು.
ಬಂದದ್ದನ್ನೇ ಮತ್ತೆ ಮೇಲೆ, ಮತ್ತೆ ಮೇಲೆ,
ಯಾರಿಗೂ ಬೇಡದ ಆ ಸಿಪ್ಪೆಗಳ ಸಂದಿಯಲ್ಲಿ
ದಾರಿ ಮಾಡಿಕೊಂಡು ಇಳಿಯುತ್ತ
ಇಪ್ಪತ್ತನೇ ನಿಮಿಷಕ್ಕೋ ನಲವತ್ತಕ್ಕೋ
(ವಾಚಿನವಳು ನಾನು, ಗಡಿಯಾರ ನೋಡಲು ಮರೆತಿದ್ದೆ)
ಪೈಪಿನೊಳಗೆ ಜೇನುಬಣ್ಣದ ಒಂದು ಗೆರೆ.

ಬುಟ್ಟಿ ಎತ್ತಿದೆ. ಹಿಂಡಲಿಲ್ಲ.
ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.
ತೊಟ್ಟು. ತೊಟ್ಟು.
ನಿಂತೇಹೋಯಿತು ಅಂದುಕೊಂಡ ಮೇಲೆ ಇನ್ನೊಂದು ತೊಟ್ಟು.

ವರ್ಟ್ ಅನ್ನಬೇಕಂತೆ ಇದಕ್ಕೆ.
ನಾನು ತಿಳಿ ಅನ್ನುತ್ತೇನೆ. ಸಾರಿಗೂ ಅದೇ ಮಾತು, ಕೆರೆಗೂ ಅದೇ,
ತಡವಾಗಿ ಬರುವ ಬುದ್ಧಿಗೂ ಅದೇ.

ಲೋಟದ ಹಿಂದೆ ವಾಚು: ಹನ್ನೆರಡೂ ಅಂಕಿ,
ಆರರ ಮೇಲಿನ ಗೀರು, ಸೆಕೆಂಡ್ ಮುಳ್ಳಿನ ಬಾಲ.
ಕೀ ಕೊಟ್ಟು ಎಷ್ಟು ವರ್ಷವಾಯಿತೋ, ಮುಳ್ಳು ನಿಂತಿತ್ತು.
ನಿಂತಿದೆ ಅನ್ನುವುದೂ ಚೆನ್ನಾಗಿಯೇ ಕಂಡಿತು.

ಇನ್ನು ಕುದಿಸಬೇಕು. ಕುದಿಗೆ ಮತ್ತೆ ಕದಡುತ್ತದೆ,
ನೊರೆಯಡಿ ಒಡೆದ ಹಾಲಿನಂತೆ ಚೂರು ಚೂರು ತೇಲುತ್ತವೆ, ಗೊತ್ತು.
ಸ್ವಿಚ್ ಒತ್ತುವ ಮುಂಚೆ ಒಂದು ಗುಟುಕು ಕುಡಿದೆ.
ಬೆಚ್ಚಗೆ. ಸಿಹಿ.
ನಾಲಿಗೆಯ ತುದಿಯಲ್ಲಿ ಹೇಗೋ ದಾಟಿ ಬಂದ
ಒಂದೇ ಒಂದು ಹೊಟ್ಟು.