ಎರಡನೇ ಸುತ್ತು

ವಾಸ್ಕೊದಾಗ, ರೈಲ್ವೆ ಗೇಟಿನ ಹಿಂದ,
ಗೋಣಿತಟ್ಟು ಹಾಸಿ ಅಂಗಾತ ಬಿದ್ದೀನಿ.
ಮೂಗಿನಿಂದ ಒಂದು ಗೇಣು ಮ್ಯಾಲೆ
ಮಾರಿಸ್ ಮೈನರಿನ ಹೊಟ್ಟಿ.

ಅರವತ್ತು ವರ್ಷದ ಜಿಡ್ಡು.
ಸೀಮೆಎಣ್ಣಿ ಚಿಂದಿಲೆ ತಿಕ್ಕಿದೆ, ತಂತಿ ಬ್ರಷ್‌ಲೆ ಕೆರದೆ.
ಸಿಕ್ತು:
ಪುಲ್ಲಿ ಅಂಚಿನಾಗ ಇಲಿ ಕಡಿದಷ್ಟು ಕಚ್ಚು,
ಎದುರಿಗೆ ಮೂರು ಹಲ್ಲು, ಒಂದು ಉದ್ದ.
ಕಚ್ಚಿಗೆ ಸುಣ್ಣ ಮೆತ್ತಿದೆ.

ಎದಿಲ್ತ್ರೂದ್ ಟೀಚರು, ಗಾಡಿ ಅವರದೇ,
ಸೀರಿ ಸೆರಗು ಸಿಗಿಸಿ ಹ್ಯಾಂಡಲ್ ತಿರುವಿದರು.
ಚುಕ್ಕಿ ಹಲ್ಲಿನ ಎದುರು ನಿಂತ್ತು.
'ಬಂತ್ರೀ ಮೇಸ್ತ್ರಿ!'

ಕಾಯ್ತಾನ್ ಮೇಸ್ತ್ರಿ ಒಂದನೇ ಪ್ಲಗ್ಗಿನ ತೂತಿಗೆ
ಹೆಬ್ಬಟ್ಟು ಒತ್ತಿ ನಿಂತಿದ್ದ.
'ಉಸಿರಿಲ್ಲ. ಸುಳ್ಳು. ಮತ್ತೊಂದು ಸುತ್ತು.'

ಹಲ್ಲು ಅದ, ಕಚ್ಚು ಅದ, ಸುಣ್ಣಾನೂ ಅದ,
ಸುಳ್ಳು ಹೆಂಗಾತು?

ಟೀಚರು ಬೈಕೋತ ತಿರುವಿದರು.
ಫಟ್! ಮೇಸ್ತ್ರಿ ಹೆಬ್ಬಟ್ಟು ಹಾರಿತು,
ಬೆನ್ನಿಗೇ ಬಂತು ಅದೇ ಚುಕ್ಕಿ, ಅದೇ ಜಾಗಾಕ್ಕ.
ಈಗ ಖರೇ.

ಡಿಸ್ಟ್ರಿಬ್ಯೂಟರು ಒಂದು ಕೂದಲೆಳಿ ಈ ಕಡೆ,
ಅರ್ಧ ಎಳಿ ಆ ಕಡೆ,
ತಂತಿ ತುದಿಯ ಬಲ್ಬು ಮಿಣಕ್ ಅಂತು.
'ಬಿಗಿ.'

ಇಂಜಿನ್ ಹತ್ತಿತು.
ಹೊರಗ ಬಾ ಅಂತ ಯಾರೂ ಕರೀಲಿಲ್ಲ.
ನಾ ಮೆತ್ತಿದ ಚುಕ್ಕಿ ತಿರುಗಿ ತಿರುಗಿ
ಬಿಳಿ ಬಳಿ ಆತು.
ಮ್ಯಾಲಿದ್ದವರಿಗೆ ಅದು ಕಾಣಸೂದಿಲ್ಲ.