ಮಂದೆ ಕೇಳಲು ಬಂದವನು

ಏಳು ವರ್ಷದ ಮೇಲೆ ಎಲಿಯೊದೊರೊ ಬೆಟ್ಟ ಹತ್ತಿ ಬಂದ,
ಟೋಪಿ ಕೈಯಲ್ಲಿ.
ಮುದಿನಾಯಿ ಬೊಗಳಲಿಲ್ಲ,
ಅದಕ್ಕೆ ಅವನ ಬೆವರು ನೆನಪಿತ್ತೋ ಏನೋ.

ನಾನು ಕೀನ್ವಾ ಹುರಿಯುತ್ತಿದ್ದೆ.
ಕಾಳು ಚಿಟಿಚಿಟಿ ಎನ್ನುವಾಗ
ಮುಖ ಎತ್ತಿದರೆ ಸೀದುಹೋಗುತ್ತದೆ.
ಎತ್ತಲಿಲ್ಲ.

ಅಪ್ಪ ಹೋದಾಗ ಪಾಲಾದದ್ದು ಹೀಗೆ:
ಉಪ್ಪಿನ ಬಯಲಿನ ಅಂಚಿನ ತನಕ ಚಪ್ಪಟೆ ನೆಲ ಅವನಿಗೆ,
ಮೇಲಿನ ಕಲ್ಲಿನ ಇಳಿಜಾರು ನನಗೆ,
ಲಾಮಾಗಳು ಅರ್ಧರ್ಧ.
ಆಮೇಲೆ ಆ ವರ್ಷಗಳು ಬಂದವು.
ನಮ್ಮಜ್ಜಿ ಪೇಟೆಯಲ್ಲಿ ಬಿಚ್ಚಲು ನಾಚುತ್ತಿದ್ದ ಗಂಟಿನ ಕಾಳನ್ನು
ಸಮುದ್ರದಾಚೆಯವರು ಕೇಳಿ ಕೇಳಿ ಕೊಂಡರು.
ಉಪ್ಪಿನ ಮೇಲೆ ಲಾರಿಗಳು ಸಾಲುಗಟ್ಟಿದವು.
ಎಲಿಯೊದೊರೊ ಲಾಮಾಗಳನ್ನೆಲ್ಲ ಮಾರಿದ,
ಕೆಂಪು ಟ್ರ್ಯಾಕ್ಟರ್ ತಂದ,
ಗಾಳಿ ತಡೆದು ನಿಂತಿದ್ದ ತೋಲಾ ಪೊದೆಗಳನ್ನು
ಬುಡಸಮೇತ ಕಿತ್ತ.
"ನೀನು ಕೋಲಿನಿಂದ ಗುಣಿ ತೋಡುತ್ತಾ ಕೂತಿರು," ಅಂದ,
"ಇಲಿಯ ಹಾಗೆ."

ಇಲಿಯ ಹಾಗೇ ತೋಡಿದೆ.
ಗುಣಿಗೊಂದು ಚಿಟಿಕೆ ಬೀಜ, ಒಂದು ಹಿಡಿ ಹಿಕ್ಕೆ,
ಮೊಳಕೆಗೆ ಗಾಳಿ ಹೊಡೆಯದಂತೆ ಪಕ್ಕದಲ್ಲೊಂದು ಕಲ್ಲು.
ದೇವರಿಗೂ ಅಷ್ಟು ಸಲ ಬಗ್ಗಿದವಳಲ್ಲ ನಾನು.

ಬೆಲೆ ಬಿತ್ತು.
ನಾನು ನಗಲಿಲ್ಲ, ನನ್ನ ಮೂಟೆಯೂ ಅದೇ ತಕ್ಕಡಿಯಲ್ಲಿತ್ತು.
ಆದರೆ ಅವನ ಮಣ್ಣು ಹೊರಟದ್ದನ್ನು ಇಲ್ಲಿಂದಲೇ ನೋಡಿದೆ.
ಆಗಸ್ಟ್ ತಿಂಗಳು, ಮಧ್ಯಾಹ್ನ ಮೂರು,
ಹಳದಿ ಗೋಡೆಯೊಂದು ಹೊಲದಿಂದ ಎದ್ದು
ಉಪ್ಪಿನ ಕಡೆ ನಡೆಯಿತು.
ಸಂಜೆ ನಮ್ಮ ಗಂಜಿಯಲ್ಲೂ
ಅವನ ಹೊಲ ಹಲ್ಲಿಗೆ ಕರಕರ ಸಿಕ್ಕಿತು.

ಈಗ ಬಾಗಿಲಲ್ಲಿ ನಿಂತಿದ್ದಾನೆ.
ಲೆಕೆ-ಲೆಕೆ ಹಕ್ಕಿ ಈ ಸಲ ಎತ್ತರದಲ್ಲಿ ಮೊಟ್ಟೆಯಿಟ್ಟಿದೆ,
ಮಳೆ ಇದೆ, ಅಂದ.
ನರಿ ಊಳಿಟ್ಟದ್ದು ಕೇಳಿಸಿತಾ, ಅಂದ.
ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ.

ಬಿಸಿ ಕಾಳನ್ನು ಕಲ್ಲುದೋಣಿಗೆ ಸುರಿದೆ,
ಬಿಳಿಮಣ್ಣು ಎರಚಿದೆ,
ಬೂಟು ಬಿಚ್ಚು, ಅಂದೆ.

ಬಿಚ್ಚಿದ. ಬರಿಗಾಲಲ್ಲಿ ಇಳಿದ.
ಕಾವಿಗೆ ಒಮ್ಮೆ ಸುಯ್ಯೆಂದು ಉಸಿರೆಳೆದ.
ಆಮೇಲೆ ಕಾಲಿಗೆ ನೆನಪಾಯಿತು,
ಹಿಮ್ಮಡಿ ತಿರುವಿ ಬೆರಳೊತ್ತಿ ಅವ್ವ ಕಲಿಸಿದ ತುಳಿತ.
ಸಿಪ್ಪೆಯ ಕಹಿ ಧೂಳಾಗಿ ಎದ್ದಿತು.
ಅವನು ಸೀನಿದ. ಮತ್ತೆ ಸೀನಿದ.
ಮಗಳು ನಿಯೆವೆಸ್ ಕಿಸಕ್ಕನೆ ನಕ್ಕಳು,
ಎರಡು ವರ್ಷದವಳಿದ್ದಾಗ ನೋಡಿದ ಮಾವ,
ಇಷ್ಟು ಸೀನುತ್ತಾನೆಂದು ಯಾರೂ ಹೇಳಿರಲಿಲ್ಲ ಅವಳಿಗೆ.

ತೂರಿದೆವು. ತೊಳೆಯಲು ಕೂತೆವು.
ಮೊದಲ ನೀರು ಬರೀ ನೊರೆ;
ತಲೆ ತೊಳೆಯಲೆಂದು ನಿಯೆವೆಸ್ ಎತ್ತಿಟ್ಟಳು.
ಎರಡನೆಯದೂ ನೊರೆ, ಮೂರನೆಯದೂ.
ದೂರದ ಒರತೆಯಿಂದ ಕತ್ತೆ ಹೊತ್ತು ತಂದ ನೀರು,
ಆದರೂ ಕೈ ಹಿಡಿಯಲಿಲ್ಲ ನಾನು.
ಐದನೆಯ ನೀರಿಗೆ ಅವನೊಂದು ಕಾಳು
ನಾಲಗೆಯ ಮೇಲಿಟ್ಟುಕೊಂಡ.
"ಇನ್ನೂ ಇದೆ," ಅಂದ.
"ಇದೆ," ಅಂದೆ.
ಇನ್ನೊಂದು ಗಡಿಗೆ ಸುರಿದೆ.

ರಾತ್ರಿ ಉಂಡೆ ಬೇಯಿಸಿದೆವು.
ನಿಯೆವೆಸ್ ಹಿಟ್ಟಿನಲ್ಲಿ ಲಾಮಾ ಮಾಡಿದ್ದಳು, ಕಿವಿಸಮೇತ.
ಕಾಲು ಮುರಿದದ್ದನ್ನು ಮಾವನ ತಟ್ಟೆಗೆ ಹಾಕಿದಳು.
ಅವನು ತಿನ್ನಲಿಲ್ಲ. ಅಂಗೈ ಮೇಲೆ ನಿಲ್ಲಿಸಲು ನೋಡಿದ.
ಅದು ವಾಲಿತು. ಮತ್ತೆ ನಿಲ್ಲಿಸಿದ.

ಎಷ್ಟು ರಾತ್ರಿ ಬೇಕು, ಅಂದೆ.
ತಲೆ ಎತ್ತಲಿಲ್ಲ ಅವನು.
ನಲವತ್ತಿವೆ, ಅಂದೆ. ನಿನ್ನ ಹೊಲದಲ್ಲಿ ಮಲಗಲಿ.
ಸುತ್ತ ಹಗ್ಗ ಕಟ್ಟು, ದಿನಾ ಸಂಜೆ ಜಾಗ ಬದಲಿಸು,
ಕಾವಲು ನಿನ್ನದೇ.
ಕರಿಮುಖದ ಗಂಡಿದೆಯಲ್ಲ,
ಅದರ ಹತ್ತಿರ ಮಾತ್ರ ಸುಳಿಯಬೇಡ.
ಉಗಿಯುತ್ತದೆ.
ಯಾರು ಏನೆಂದು ಕೇಳುವುದಿಲ್ಲ ಅದು.